ಯಾರೂ ಎತ್ತಬೇಡಿ

ಫೋನು ಮತ್ತೆ ಬಡಿದುಕೊಂಡಿತು. ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸುತ್ತಿದ್ದ ಕನ್ನಡಕದಂಗಡಿಯವಳು ಓರೆಗಣ್ಣಲ್ಲೇ ಹೆಸರು ನೋಡಿದಳು. ಗ್ರಾಮಫೋನ್ ಮಾವ. ಕಟ್ ಮಾಡಿದಳು.

"ಅಬ್ಬಬ್ಬಾ, ಈ ಮಾವನ ಚಟವೇ!"

ಹಳೇ ಹಾಡುಗಳ ಒಗಟು ಬಿಡಿಸುವ, ಅವಳೂ ಮಾವನೂ ಇದ್ದ ವಾಟ್ಸಾಪ್ ಗುಂಪಿನಲ್ಲಿ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಆದರೂ ಕಟ್ಟುಪಾಡೆಂದರೆ ಕಟ್ಟುಪಾಡು. ಉತ್ತರ ಹೊಳೆದವರು ಒಗಟು ಹಾಕಿದವನೊಬ್ಬನಿಗೇ ಅದನ್ನು ಕಳಿಸಿ ಬಾಯಿಗೆ ಬೀಗ ಹಾಕಿಕೊಳ್ಳಬೇಕು. ಆಟ ಮುಗಿಯುವ ತನಕ ಯಾರಿಗೂ ಫೋನು ಮಾಡುವಂತಿಲ್ಲ, ಬಂದರೆ ಎತ್ತುವಂತಿಲ್ಲ. ಇಂಥ ನಿಯಮ ತರಬೇಕಾಗಿ ಬಂದದ್ದೇ ಮಾವನಿಂದ. ಆ ಮನುಷ್ಯನ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುತ್ತಿರಲಿಲ್ಲ. ಒಂಟಿ ಜೀವ, ಪಾಪ. ಯಾರಾದರೂ ತಿಣುಕಾಡುತ್ತಿದ್ದರೆ ತಾನೇ ಫೋನು ಮಾಡಿ ಸುಳಿವು ಕೊಟ್ಟುಬಿಡುತ್ತಿದ್ದ. ಗಂಡ ಬಿಟ್ಟುಹೋದ ವರ್ಷ ದಿನಾ ಅವಳಿಗೊಂದು ಹಾಡು ಕಳಿಸಿ, "ಊಟ ಆಯ್ತೇನಮ್ಮ?" ಎಂದು ಕೇಳಿದವನೂ ಅವನೊಬ್ಬನೇ.

ಈ ಬೆಳಿಗ್ಗೆ ಅವನು ಹಾಕಿದ್ದ ಒಗಟು ಹೀಗಿತ್ತು: "ಹಾಡುವವಳಿಗೆ ನೆಗಡಿ, ಬರೆದವನಿಗೆ ಮುನಿಸು, ಕೊಳಲಿನವನಿಗೆ ಬಸ್ಸು ತಪ್ಪಿತು. ಆದರೂ ಹಾಡು ಗೆದ್ದಿತು. ಯಾವುದು?"

ಗಿರಾಕಿ ಹೋದದ್ದೇ ತಡ ಅವಳು ಗುಂಪಿನಲ್ಲಿ ಬರೆದಳು. "ಮಾವ ಸುಳಿವು ಹಂಚೋಕೆ ಹೊರಟಿದಾರೆ. ನಾನಂತೂ ಎತ್ತಲ್ಲಪ್ಪ!"

"ನಂಗೂ ಬಂತು, ಕಟ್ ಮಾಡ್ದೆ," ಎಂದು ಬರೆದ ತಬಲಾ. ಅದು ಒಬ್ಬ ಬಸ್ ಕಂಡಕ್ಟರನ ಅಡ್ಡಹೆಸರು.

"ನಂಗೂ ಬಂತು ಕಣ್ರೋ," ಎಂದರು ರಿಟೈರಾದ ನರ್ಸಮ್ಮ. "ಈ ಸಲ ಮುದುಕನಿಗೆ ಬುದ್ಧಿ ಕಲಿಸ್ಲೇಬೇಕು. ಯಾರೂ ಎತ್ತಬೇಡಿ."

ಆಮೇಲೆ ಫೋನು ಬರಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತಾಗ ಅವಳಿಗೆ ಫಕ್ಕನೆ ಹೊಳೆಯಿತು. ಕೊಳಲಿನ ಜಾಗದಲ್ಲಿ ಯಾರೋ ಸಿಳ್ಳೆ ಹಾಕಿದ್ದ ಹಾಡು! ಕೈ ತೊಳೆಯುವಷ್ಟೂ ತಾಳ್ಮೆ ಇರಲಿಲ್ಲ. ಉತ್ತರವನ್ನು ಮಾವನಿಗೆ ಕಳಿಸಿ, ಗುಂಪಿನಲ್ಲಿ "ನಂಗೆ ಸಿಕ್ತು!" ಎಂದು ಹಾಕಿದಳು. ಕಾದಳು. ಊಟ ಮುಗಿದರೂ ಮಾವ ನೋಡಿಯೇ ಇರಲಿಲ್ಲ. ಮುನಿಸಿಕೊಂಡರೇನೋ, ಸಮಾಧಾನ ಮಾಡೋಣ ಎಂದು ತಾನೇ ಫೋನು ಮಾಡಿದಳು.

ಎತ್ತಿದ್ದು ಹೆಂಗಸು.

"ನಾನು ಅವನ ಅಕ್ಕ. ಎದೆನೋವು ಬಂದಿತ್ತಂತೆ ಕಣಮ್ಮ. ಬಿದ್ದ ಸದ್ದು ಕೇಳಿ ಪಕ್ಕದ ಮನೆಯವರು ಬಾಗಿಲು ಒಡೆಯೋ ಹೊತ್ತಿಗೆ ಹೋಗ್ಬಿಟ್ಟಿದ್ದ."

ಅವಳು ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಎದ್ದು ನಿಂತಳು.

"ನಿಮಗೆಲ್ಲಾ ಮಾಡಿದಾನಲ್ಲ ಫೋನು. ನಾವಿಬ್ರೂ ಮಾತು ಬಿಟ್ಟಿದ್ವಿ, ನಂಗೆ ಮಾಡ್ಲಿಲ್ಲ. ಒಬ್ರಾದ್ರೂ ಎತ್ತಬಾರದಿತ್ತಾ? ಅಂಥಾ ಏನ್ ಕೆಲಸ ಇತ್ತಮ್ಮ ನಿಮಗೆಲ್ಲಾ?"

"ಕೆಲಸ ಏನೂ ಇರ್ಲಿಲ್ಲ, ಅಕ್ಕ," ಎಂದಳು. ಆ ಕಡೆಯವರು ಫೋನು ಇಟ್ಟರು.

ಇಂಥ ಸುದ್ದಿಯನ್ನು ಗುಂಪಿನಲ್ಲಿ ಬರೆದು ಹಾಕುವುದಾದರೂ ಹೇಗೆ? ಬಾಯಲ್ಲೇ ಹೇಳಬೇಕು. ನರ್ಸಮ್ಮನಿಗೆ ಮಾಡಿದಳು. ಎರಡು ರಿಂಗಾಗಿ ಕಟ್ಟಾಯಿತು. ತಬಲಾ ಒಂದಕ್ಕೇ ಕಟ್ ಮಾಡಿದ.

ಗುಂಪಿನಲ್ಲಿ ನರ್ಸಮ್ಮನ ಸಾಲು ಮೂಡಿತು. "ಉತ್ತರ ಸಿಕ್ಕಿದ ಜಂಬ ನೋಡ್ರೋ! ಈಗ ಇವಳೂ ಶುರುಮಾಡಿದ್ಲು. ಯಾರೂ ಎತ್ತಬೇಡಿ."

ಅದರ ಕೆಳಗೆ ಒಂದರ ಹಿಂದೊಂದು ನಗುವ ಮುಖಗಳು ಬಂದು ಬೀಳತೊಡಗಿದವು. ಅವಳು ಅಂಗಡಿಯ ಮೆಟ್ಟಿಲ ಮೇಲೆ ಕೂತು ಮುಂದಿನ ಹೆಸರನ್ನು ಒತ್ತಿದಳು. ಆ ಕಡೆ ರಿಂಗಾಗುತ್ತಲೇ ಇತ್ತು.