ಅದೇ ನೀರು

"ಕ್ಯಾನಿನ ಬಾಯಿಗೆ ಕೈ ತಗಲಿಸಬೇಡ ಅಂತ ಎಷ್ಟು ಸಲ ಬೊಗಳ್ಬೇಕೇ ನಿಂಗೆ? ಮುಸುರೆ ಕೈ ಅದು."

ಪಾತ್ರೆಯಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕ್ಯಾನನ್ನು ಎರಡೂ ತೋಳಿನಿಂದ ತಬ್ಬಿ ಎತ್ತಿ, ಅಡುಗೆಮನೆಯ ಸ್ಟೀಲ್ ಡ್ರಮ್ಮಿಗೆ ಬಗ್ಗಿಸಿದಳು. ಹಾಲು ತಳ ಹಿಡಿದ ಪಾತ್ರೆ ಹಿತ್ತಲ ಕಟ್ಟೆಯ ಮೇಲೆ ಇನ್ನೂ ನೆನೆಯುತ್ತಿತ್ತು. ಈ ಮನೆಯಲ್ಲಿ ಅವಳಿಗಿದ್ದ ಹೆಸರೇ ಅದು, ಪಾತ್ರೆಯಕ್ಕ. ಯಜಮಾನಿಗೆ ಸಿಟ್ಟು ಬಂದಾಗ ಅಕ್ಕ ಉದುರಿಹೋಗಿ ಬರೀ ಪಾತ್ರೆ ಉಳಿಯುತ್ತಿತ್ತು.

"ಇದು ಮುಗಿದ ಮೇಲೆ ಜಗಲಿಯ ಕುಂಡಗಳಿಗೂ ಒಂದೊಂದು ಚೊಂಬು ಹಾಕು. ಕ್ಯಾನಿಂದೇ ಹಾಕು. ನಲ್ಲಿ ನೀರು ಹಾಕಿ ಹಾಕಿ ಎಲೆ ಎಲ್ಲಾ ಸುಟ್ಟಂಗಾಗಿವೆ."

ಅವಳು ಚೊಂಬು ಹಿಡಿದು ಜಗಲಿಗೆ ಬಂದಳು. ಎಲೆಗಳ ಅಂಚು ಕಂದಿ ಮುರುಟಿತ್ತು. ನೀರು ಹಾಕುತ್ತಾ ಹಾಕುತ್ತಾ ಅವಳ ಕೈ ನಿಧಾನವಾಯಿತು.

ಪಟ್ಟಣದಿಂದ ವ್ಯಾನಿನಲ್ಲಿ ಬರುವ ಈ ನೀರಿನ ಕ್ಯಾನು ಈ ಮನೆಗೆ ಬಂದದ್ದು ಧಣಿಗೆ ಹೊಟ್ಟೆ ಕೆಟ್ಟಾಗ. ಕುಡಿಯೋದಕ್ಕೆ ಮಾತ್ರ ಅಂದಿದ್ದರು. ಆಮೇಲೆ ಅನ್ನಕ್ಕೂ ಅದೇ ಆಯಿತು. ಬಸುರಿ ಮಗಳು ಪಟ್ಟಣದಿಂದ ಬಂದು ಉಳಿದುಕೊಂಡ ಮೇಲೆ ಅವಳು ಮುಖ ತೊಳೆಯಲೂ ಅದೇ, ಮೀಯಲೂ ಅದೇ. ಹೋದ ತಿಂಗಳು ನಾಯಿಯ ತಟ್ಟೆಗೂ ಬಂತು. ಆಗ ಪಾತ್ರೆಯಕ್ಕ, ದುಡ್ಡಿದ್ದವರ ನಾಯಿ, ಅದರ ಹಣೆಬರಹ ಅಂತ ನಕ್ಕಿದ್ದಳು. ಇವತ್ತು ಗಿಡಕ್ಕೆ. ನಲ್ಲಿ ನೀರು ಇನ್ನುಳಿದದ್ದು ಪಾತ್ರೆ ತೊಳೆಯೋದಕ್ಕೆ, ಮತ್ತೆ ಊರಿನವರ ಬಾಯಿಗೆ.

ಧಣಿಯ ಹೂವಿನ ಶೆಡ್ಡುಗಳು ದಿಬ್ಬದ ಮೇಲಿದ್ದವು. ಪ್ಲಾಸ್ಟಿಕ್ ಸೂರಿನಡಿ ವರ್ಷವಿಡೀ ಹೂವು, ವರ್ಷವಿಡೀ ಔಷಧಿ. ಔಷಧಿ ಹೊಡೆದ ಡ್ರಮ್ಮುಗಳನ್ನು ತೊಳೆದ ನೀರು ಹಿಂದಿನ ಗುಂಡಿಗೆ ಹರಿಯುತ್ತಿತ್ತು, ಗುಂಡಿಯ ಕೆಳಗೇ ಊರಿಗೆಲ್ಲ ನೀರು ಕೊಡುವ ಬೋರು. ಆ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಯಿಗೆ ಸಿಹಿಯಾಗೇ ಇತ್ತು. ಅದಕ್ಕೇ ಯಾರೂ ಏನೂ ಅನ್ನುತ್ತಿರಲಿಲ್ಲ. ಅನ್ನಬೇಕಾದ್ದೆಲ್ಲ ಹೆಂಗಸರ ಮೇಲೆ ಬಂತು. ಅವಳ ಬೀದಿಯಲ್ಲಿ ಮನೆಮನೆಗೂ ಒಂದು ಬಸುರು ಇಳಿದಿತ್ತು. ಭಾರ ಎತ್ತಿದ್ದಕ್ಕೆ ಹಾಗಾಯಿತು ಅಂತ ನರ್ಸಮ್ಮ ಬೈದಳು, ಮಾತ್ರೆ ನುಂಗದೆ ಬಚ್ಚಲಿಗೆ ಎಸೀತೀರಿ ಅಂದಳು. ಬೈಯುವಾಗ ಅವಳ ಚೀಲದಲ್ಲಿ ಪಟ್ಟಣದಿಂದ ತಂದ ನೀರಿನ ಬಾಟಲಿ ಇರುತ್ತಿತ್ತು. ಅದನ್ನೂ ಪಾತ್ರೆಯಕ್ಕ ನೋಡಿದ್ದಳು.

ಅವಳ ಸೊಸೆಗೆ ಎರಡು ಹೋಗಿದ್ದವು. ಎರಡನೆಯದಕ್ಕೆ ಕೈಬೆರಳು ಮೂಡಿದ್ದವು. ಬಟ್ಟೆಯಲ್ಲಿ ಸುತ್ತಿದವಳು ಪಾತ್ರೆಯಕ್ಕನೇ. ಈಗ ಮೂರನೆಯದು, ಐದು ತಿಂಗಳು ತುಂಬಿತ್ತು.

ಮಗನಿಗೆ ಒಂದು ಸಲ ನೀರಿನ ಮಾತು ಹೇಳಿ ನೋಡಿದ್ದಳು. ಔಷಧಿ ಹೊಡೆಯುವವನು ಅವನೇ. "ಸುಮ್ನಿರವ್ವ. ಇಂಥಾ ಮಾತು ಧಣಿ ಕಿವಿಗೆ ಬಿದ್ರೆ ಶೆಡ್ಡಿಂದ ಒದ್ದು ಓಡಿಸ್ತಾನೆ ಆ ಬೋಳಿಮಗ," ಅಂದು ಬಾಗಿಲ ಕಡೆ ನೋಡಿದ್ದ, ಗೋಡೆಗೆ ಕೇಳಿಸಿತೇನೋ ಅನ್ನುವ ಹಾಗೆ.

ಅಂದಿನಿಂದ ಅವಳು ಯಾರಿಗೂ ಹೇಳದೆ ದಿನಕ್ಕೊಂದು ಬಾಟಲಿ ಕ್ಯಾನಿನ ನೀರು ಸಾಗಿಸುತ್ತಿದ್ದಳು. ಎಮ್ಮೆಗೆಂದು ಒಯ್ಯುವ ಕಲಗಚ್ಚಿನ ಬಕೆಟ್ಟಿನ ತಳದಲ್ಲಿ ಬಾಟಲಿ ಮುಳುಗಿಸಿಬಿಟ್ಟರೆ ಆಯಿತು. ಹುಳಿ ನೀರಲ್ಲಿ ಎಂಜಲು ಅನ್ನ ತೇಲುವ ಬಕೆಟ್ಟಿಗೆ ಆ ಮನೆಯಲ್ಲಿ ಯಾರೂ ಕೈ ಹಾಕುವವರಲ್ಲ.

ಆದರೆ ಸೊಸೆಗೆ ಅನುಮಾನ. ಅತ್ತೆ ತಾನು ನಲ್ಲಿ ನೀರು ಕುಡಿಯುತ್ತಾ ತನಗೆ ಮಾತ್ರ ಬೇರೆ ನೀರು ತರುವುದೇಕೆ? ಎಲ್ಲಿಂದ ತಂದಿರಿ ಅಂದರೆ ಬಾಯಿ ಬಿಡುವುದಿಲ್ಲವೇಕೆ? ಪಕ್ಕದ ಮನೆಯವಳು ಅವಳ ಕಿವಿಯಲ್ಲಿ ಏನೋ ಊದಿದ್ದಳು. ಎರಡು ಹೋದ ಸೊಸೆ ಬೇಡ, ಬೇರೆಯವಳನ್ನು ತರೋಣ ಅಂತ ಅತ್ತೆ ಏನಾದರೂ ಮಾಡುತ್ತಿರಬಹುದು ಅಂತ.

"ಇದ್ರಲ್ಲಿ ಏನು ಹಾಕಿ ತರ್ತೀರಿ ಅತ್ತೆ?" ಅಂತ ನಿನ್ನೆ ನೇರವಾಗಿ ಕೇಳಿಯೇಬಿಟ್ಟಿದ್ದಳು.

ಪಾತ್ರೆಯಕ್ಕ ಬಾಟಲಿ ಎತ್ತಿ ತಾನು ಎರಡು ಗುಟುಕು ಕುಡಿದು, ಬಾಯಿ ಒರೆಸಿ, ಮುಂದಕ್ಕೆ ಹಿಡಿದಳು. ಸೊಸೆ ಅತ್ತೆಯ ಗಂಟಲನ್ನೇ ನೋಡುತ್ತಿದ್ದಳು, ನಿಜವಾಗಿ ಇಳಿಯಿತೋ ಇಲ್ಲವೋ ಅಂತ.

ಇವತ್ತು ಗಿಡಗಳಿಗೆ ನೀರು ಹಾಕಿ ಮುಗಿಸುವಷ್ಟರಲ್ಲಿ ಬೀದಿಗೆ ಸರ್ವೆಯವರು ಬಂದರು. ಆರೋಗ್ಯ ಹೇಗಿದೆ, ಬದುಕು ಹೇಗಿದೆ ಅಂತ ಕೇಳುವ ಸರ್ವೆ. ಒಳ್ಳೆಯ ಅಂಕ ಬಂದ ಊರಿಗೆ ಬಹುಮಾನವಂತೆ, ಫಲಕವಂತೆ. ಕೈಯಲ್ಲಿ ಫೋನು ಹಿಡಿದ ಒಬ್ಬ ಹುಡುಗಿ, ಅವಳ ಮಗ್ಗುಲಲ್ಲಿ ಶೆಡ್ಡಿನ ಮೇಸ್ತ್ರಿ. ಪಾತ್ರೆಯಕ್ಕನನ್ನೂ ಕೆಲಸ ಬಿಡಿಸಿ ಮನೆಗೆ ಕಳಿಸಿದ್ದರು.

ಅಮ್ಮಾ, ನಿಮ್ಮ ಬದುಕಿಗೆ ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಿ ಅಂತ ಹುಡುಗಿ ಕೇಳಿದಳು.

ಪಾತ್ರೆಯಕ್ಕ ಸ್ಕೂಲಿನ ಮೆಟ್ಟಿಲು ಹತ್ತಿದವಳಲ್ಲ. ಅಂಕ ಕೊಡುವವರು ಬೇರೆ, ತಗೊಳ್ಳುವವರು ಬೇರೆ ಅಂತ ಮಾತ್ರ ತಿಳಿದಿದ್ದಳು. ಅವಳು ಯೋಚಿಸುವಷ್ಟರಲ್ಲಿ ಮೇಸ್ತ್ರಿ, "ಎಂಟು ಹಾಕ್ಕೊಳ್ಳಿ ಮೇಡಂ. ಇವ್ರಿಗೇನು ಕಮ್ಮಿಯಾಗಿದೆ? ಧಣಿ ಮನೆ ಊಟ, ಧಣಿ ಮನೆ ಸೀರೆ," ಅಂದ. ಸೊಸೆಯ ಸರದಿ ಬಂದಾಗ, ಇದು ಎಷ್ಟನೇ ಬಸುರು ಅಂದದ್ದಕ್ಕೂ ಅವನೇ, ಮೊದಲನೇದು ಅಂದ. ಸೊಸೆ ತಲೆ ಎತ್ತಿದಳು.

"ಮೂರನೇದು," ಅಂದಳು.

"ಏ ಮುಂಡೇದೆ, ನಿಂತದ್ದು ಮಾತ್ರ ಲೆಕ್ಕ ಕಣೇ. ಬಿದ್ದದ್ದೆಲ್ಲ ಬರ್ಸೋಕಾಗುತ್ತಾ?"

ಹುಡುಗಿ ಫೋನಿನ ಮೇಲೆ ಬೆರಳಾಡಿಸಿದಳು. ಏನು ಒತ್ತಿದಳೋ ಕಾಣಲಿಲ್ಲ. ಬಿಸಿಲಿಗೆ ಬಾಯಾರಿತ್ತೇನೋ, ಸೊಸೆ ತಂದಿಟ್ಟ ಲೋಟವನ್ನು ಮುಟ್ಟದೆ ಚೀಲದಿಂದ ತನ್ನ ಬಾಟಲಿ ತೆಗೆದು ಕುಡಿದಳು.

ಸರ್ವೆಯವರಿಗೆ ಮಧ್ಯಾಹ್ನದ ಊಟ ಧಣಿಯ ಮನೆಯಲ್ಲಿ. ಪಾತ್ರೆಯಕ್ಕ ಗಡಿಬಿಡಿಯಲ್ಲಿದ್ದಳು. ಬಡಿಸುವ ಪಾತ್ರೆ, ತೊಳೆಯುವ ಪಾತ್ರೆ ಎಲ್ಲಾ ಒಂದೇ ಸಲಕ್ಕೆ ಮೈಮೇಲೆ ಬಿದ್ದಿದ್ದವು. ಯಜಮಾನಿ ಬೆನ್ನು ತಿರುಗಿಸಿದ ಒಂದು ಚೂರು ಹೊತ್ತಿನಲ್ಲಿ ಬಾಟಲಿಗೆ ನೀರು ಬಿಟ್ಟಳು. ಕ್ಯಾನಿನ ತಳದ ನೀರು, ಅರ್ಧಕ್ಕೇ ನಿಂತಿತು. ಇನ್ನೊಂದು ಕ್ಯಾನು ತೆರೆಯಲು ಧೈರ್ಯ ಸಾಲದೆ, ಮುಚ್ಚಳ ತಿರುಗಿಸಿ, ಕಲಗಚ್ಚಿನೊಳಗೆ ಒತ್ತಿ, ಬಡಿಸಲು ಓಡಿದಳು.

ತುಂಬಿದ ಬಾಟಲಿ ಮುಳುಗುತ್ತದೆ. ಅರ್ಧ ತುಂಬಿದ್ದು ಮುಳುಗುವುದಿಲ್ಲ. ಊಟ ಮುಗಿಸಿ ಎಲ್ಲರೂ ಹಿತ್ತಲಿಗೆ ಕೈ ತೊಳೆಯಲು ಬಂದಾಗ ಅದು ಎಂಜಲಿನ ಮಧ್ಯೆ ಮಲಗಿಕೊಂಡು ತೇಲುತ್ತಿತ್ತು.

ಯಜಮಾನಿ ಎರಡು ಬೆರಳಲ್ಲಿ ಅದನ್ನು ಎತ್ತಿ ಹಿಡಿದಳು. "ನೋಡಿ. ಉಪ್ಪು ಕದ್ರು, ಎಣ್ಣೆ ಕದ್ರು, ಸುಮ್ಮನಿದ್ದೆ. ಈಗ ನೀರಿಗೂ ಬಂದ್ಳು ಕಳ್ ಲೌಡಿ."

ಸರ್ವೆ ಹುಡುಗಿ ಟವೆಲ್ಲಿನಲ್ಲಿ ಕೈ ಒರೆಸುತ್ತಲೇ ಇದ್ದಳು, ಒಣಗಿದ ಮೇಲೂ. ಧಣಿ ಮಾತ್ರ ನಕ್ಕ. ಅತಿಥಿಗಳ ಮುಂದೆ ಅವನಿಗೆ ಸಿಟ್ಟು ಬರುತ್ತಿರಲಿಲ್ಲ.

"ನೀರು ಕದಿಯೋ ಕಳ್ಳೀನ ಇವತ್ತೇ ನೋಡಿದ್ದು ನಾನು. ಅಲ್ವೇ, ನಿನ್ನ ಬೀದಿ ನಲ್ಲೀಲಿ ಬರೋದು ಏನು, ವಿಷಾನಾ? ಅದೇ ನೀರು, ಇದೇ ನೀರು."

"ಅದೇ ನೀರಾ ಧಣಿ?"

ಆ ಮನೆಯಲ್ಲಿ ಅಷ್ಟು ವರ್ಷದಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ ಅದು. ಅವನ ನಗು ಒಂದು ಗಳಿಗೆ ಮುಖದ ಮೇಲೆ ಜಾಗ ಹುಡುಕಿತು.

"ಅದೇ ನೀರು ಕಣೇ. ಆಣೆ ಮಾಡ್ಲಾ ನಿಂಗೆ?"

ಯಜಮಾನಿ ಬಾಟಲಿಯ ನೀರನ್ನು ಮೋರಿಗೆ ಸುರಿದಳು. ನಾಳೆಯಿಂದ ಕಲಗಚ್ಚೂ ಇಲ್ಲ, ಹೋಗುವಾಗ ಸೆರಗು ಕೊಡವಿ ತೋರಿಸಿ ಹೋಗಬೇಕು, ಈಗ ಡ್ರಮ್ಮು ಖಾಲಿಯಾಗಿದೆ, ತುಂಬಿಸು ಅಂದಳು.

ಎಲ್ಲರೂ ನಡುಮನೆಗೆ ಹೋದರು. ಪಾತ್ರೆಯಕ್ಕ ಅಡುಗೆಮನೆಯಲ್ಲಿ ಒಬ್ಬಳೇ ನಿಂತಳು. ಗೋಡೆಗೆ ಒರಗಿ ಸೀಲು ಒಡೆಯದ ಒಂದು ಕ್ಯಾನು, ಅದರಾಚೆ ಖಾಲಿ ಕ್ಯಾನುಗಳ ಸಾಲು. ಸಂಜೆ ಅವನ್ನು ಎರಡೆರಡಾಗಿ ಗೇಟಿನಾಚೆ ಸಾಗಿಸಿ ವ್ಯಾನಿಗೆ ಇಡುವವಳು ಅವಳೇ. ಖಾಲಿ ಕ್ಯಾನನ್ನು ಕೊಡವಿ ನೋಡುವವರು ಯಾರೂ ಇರಲಿಲ್ಲ.

ಹಿತ್ತಲಿಗೆ ಹೋಗಿ, ಪಾತ್ರೆ ತೊಳೆಯುವ ನಲ್ಲಿಗೆ ಬಿಂದಿಗೆ ಹಿಡಿದಳು. ನೀರು ತಿಳಿಯಾಗಿ ಬಿತ್ತು. ತಂದು ಡ್ರಮ್ಮಿಗೆ ಸುರಿದಳು. ಮತ್ತೆ ಹೋದಳು, ಮತ್ತೆ ತಂದಳು. ಅಂಚಿನವರೆಗೆ ತುಂಬಿಸಿ ಮುಚ್ಚಳ ಹಾಕಿ, ಚೆಲ್ಲಿದ ಹನಿಗಳನ್ನು ಒರೆಸಿದಳು.

ಧಣಿಯ ಮಗಳ ಜಗ್ಗು ಬೇರೆ ಇತ್ತು, ಗಾಜಿನದು. ಅದನ್ನೂ ಡ್ರಮ್ಮಿನ ಕೊಳಾಯಿಗೆ ಹಿಡಿದಳು. ಮೇಲಿನ ಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಆ ಬಸುರಿ ಮಗ್ಗುಲು ಬದಲಿಸಲು ಹೆಣಗುತ್ತಿರಬೇಕು. ಎಂಟನೇ ತಿಂಗಳಲ್ಲಿ ಹಾಗೇ, ಯಾವ ಮಗ್ಗುಲೂ ಸರಿಬರುವುದಿಲ್ಲ. ಪಾತ್ರೆಯಕ್ಕ ಜಗ್ಗು ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಅದರಲ್ಲಿ ಬಿದ್ದದ್ದನ್ನು ಮೋರಿಗೆ ಚೆಲ್ಲಿ, ಕ್ಯಾನಿನ ಸೀಲು ಒಡೆದು, ಜಗ್ಗನ್ನು ಆ ನೀರಿನಲ್ಲೇ ಎರಡು ಸಲ ತೊಳೆದು ತುಂಬಿಸಿ ಮುಚ್ಚಿಟ್ಟಳು. ಮಿಕ್ಕ ಕ್ಯಾನಿನ ಬಾಯಿಗೆ ಮುಚ್ಚಳ ಬಿಗಿದು ಖಾಲಿಗಳ ಸಾಲಿನಲ್ಲಿ ಹಿಂದಕ್ಕೆ ಸರಿಸಿದಳು. ಸಂಜೆ ಗೇಟಿನಾಚೆ ಒಯ್ದು ಸೊಸೆಗೆಂದು ಬಗ್ಗಿಸಿಕೊಂಡರಾಯಿತು.

ನಾಳೆಯೂ ಹೀಗೇ, ನಾಡಿದ್ದೂ ಹೀಗೇ. ಮಗನಿಗೆ ಹೇಳುವಂತಿಲ್ಲ, ಹೆದರಿ ಬಾಯಿಬಿಡುತ್ತಾನೆ. ಸೊಸೆಗೂ ಹೇಳುವಂತಿಲ್ಲ. ಅವಳು ಅನುಮಾನಪಟ್ಟುಕೊಂಡೇ ಕುಡಿಯಲಿ, ಗಂಟಲಿಗೆ ಇಳಿದರೆ ಸಾಕು.

ನಡುಮನೆಯಿಂದ ಧಣಿ ಕೂಗಿ ನೀರು ಕೇಳಿದ. ಅತಿಥಿಗಳಿಗೆ ಊರಿನ ಬಾವಿ, ಬೋರು, ಗಾಳಿಯ ಗುಣ ಹೇಳುತ್ತಾ ಅವನ ಗಂಟಲು ಒಣಗಿತ್ತು. ಪಾತ್ರೆಯಕ್ಕ ಡ್ರಮ್ಮಿನಿಂದ ಲೋಟ ತುಂಬಿಸಿ ತಟ್ಟೆಯ ಮೇಲಿಟ್ಟು ಒಯ್ದಳು. ಅವನು ಅವಳ ಮುಖ ನೋಡದೆ ತೆಗೆದುಕೊಂಡು, ತಲೆ ಹಿಂದಕ್ಕೆ ವಾಲಿಸಿ, ಒಂದೇ ಉಸಿರಿಗೆ ಕುಡಿದು, ಲೋಟವನ್ನು ಮತ್ತೆ ಅವಳ ಕಡೆ ಚಾಚಿದ.

"ಇನ್ನೊಂದು ತಾ."

ಅವಳು ಒಳಗೆ ಹೋಗಿ ತಂದುಕೊಟ್ಟಳು.