ಎರಡನೇ ಬ್ಲೋಯರ್

ಊರಿನ ಕೊಳಚೆ ನೀರನ್ನು ಶುದ್ಧ ಮಾಡುವ ಆ ಘಟಕದಲ್ಲಿ ನೊರೆಯಕ್ಕ ಗೊತ್ತಿಲ್ಲದವರಿಲ್ಲ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಆಪರೇಟರ್. ಟ್ಯಾಂಕಿನ ಕಟ್ಟೆಯ ಮೇಲೆ ನಿಂತು ನೊರೆಯ ಬಣ್ಣ ನೋಡಿದರೆ ಸಾಕು, ಒಳಗಿನ ಸಮಾಚಾರವೆಲ್ಲ ಹೇಳಿಬಿಡುತ್ತಿದ್ದಳು. ತಿಳಿಗಂದು ನೊರೆ ತೆಳ್ಳಗಿದ್ದರೆ ಎಲ್ಲ ಕ್ಷೇಮ. ಬೆಳ್ಳಗೆ ಉಕ್ಕಿತೋ, ಕೊಳೆ ತಿನ್ನುವ ಸೂಕ್ಷ್ಮಜೀವಿಗಳಿಗೆ ಉಸಿರು ಸಾಲುತ್ತಿಲ್ಲ ಎಂದು ಅರ್ಥ. ಅವುಗಳನ್ನು ಅವಳು ಕರೆಯುತ್ತಿದ್ದುದೇ "ನಮ್ಮ ಮಕ್ಕಳು" ಎಂದು. ಮಕ್ಕಳಿಗೆ ಗಾಳಿ ಊದಲು ಎರಡು ಬ್ಲೋಯರ್‌ಗಳಿದ್ದವು. ಅವಳ ಪಾಳಿಯಲ್ಲಿ ಎರಡೂ ಒಂದು ಗಳಿಗೆ ಸುಮ್ಮನಿದ್ದದ್ದಿಲ್ಲ.

ಹೀಗಿರುವಾಗ ಅಲ್ಲಿಗೆ ಎಂಜಿನಿಯರಾಗಿ ಬಂದವಳು ಬೇರೆ ಯಾರೂ ಅಲ್ಲ, ಅವಳ ಸ್ವಂತ ಸೊಸೆ. ಮನೆಯಲ್ಲಿ ಅತ್ತೆಯ ಮಾತು ನಡೆಯುತ್ತಿತ್ತು, ಇಲ್ಲಿ ಸೊಸೆಯದು. ಈ ಏರ್ಪಾಡಿನಿಂದ ನೆಮ್ಮದಿಯಾಗಿದ್ದವನು ಎರಡೂ ಕಡೆ ಯಾರೂ ಕೇಳದ ಮಗ ಒಬ್ಬನೇ.

ಸೊಸೆಯ ಲೆಕ್ಕ ಸರಳವಾಗಿತ್ತು. ಘಟಕದ ಕರೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ನುಂಗುವುದು ಬ್ಲೋಯರ್‌ಗಳು. ಕೆಸರು ಕೊಳೆಯುವಾಗ ಹುಟ್ಟುವ ಗ್ಯಾಸನ್ನು ಇಷ್ಟು ವರ್ಷ ಸುಮ್ಮನೆ ಸುಟ್ಟು ಹಾಕುತ್ತಿದ್ದರು. ಅದರಿಂದ ಎಂಜಿನ್ ಓಡಿಸಿದರೆ ಒಂದು ಬ್ಲೋಯರೂ ಉಳಿದ ಯಂತ್ರಗಳೂ ನಡೆಯುತ್ತವೆ, ಹೊರಗಿನ ಕರೆಂಟೇ ಬೇಡ. ದೊಡ್ಡ ಸಾಹೇಬರು ಒಂದು ವಾರ ಪರೀಕ್ಷೆಗೆ ಒಪ್ಪಿದರು. ಷರತ್ತು ಇಷ್ಟೇ: ಹೊರಗಿನ ಕರೆಂಟ್ ಎಳೆದರೆ ಎಂಜಿನ್ ಮುಚ್ಚುವುದು, ಎಂಜಿನಿಯರಮ್ಮ ಮುಖ್ಯ ಕಚೇರಿಗೆ ಹೋಗಿ ಫೈಲು ನೋಡಿಕೊಳ್ಳುವುದು.

"ಒಂದೇ ಬ್ಲೋಯರಾ? ಮಕ್ಕಳು ಉಸಿರುಕಟ್ಟಿ ಸತ್ತುಹೋಗ್ತವೆ ಕಣಮ್ಮಾ," ಎಂದಳು ನೊರೆಯಕ್ಕ.

"ಅತ್ತೆ, ನೀರಲ್ಲಿ ಗಾಳಿ ಎಷ್ಟಿದೆ ಅಂತ ಮೀಟರ್ ತೋರಿಸ್ತಿದೆ. ಬೇಕಾದ್ದರ ಎರಡರಷ್ಟಿದೆ. ಹೊಟ್ಟೆ ತುಂಬಿದೋರಿಗೆ ಮತ್ತೆ ಮತ್ತೆ ಬಡಿಸ್ತಿದೀರಿ ನೀವು."

ಮೊದಲ ದಿನ ತಂಟೆ ತಕರಾರಿಲ್ಲದೆ ಕಳೆಯಿತು. ಎರಡನೇ ದಿನ ಹನ್ನೊಂದಕ್ಕೆ ಸೊಸೆ ದಿನದ ಮೀಟಿಂಗಿಗೆ ಹೋದಾಗ, ಟ್ಯಾಂಕಿನ ಆಚೆ ಮೂಲೆಯಲ್ಲಿ ನೊರೆ ಹಾಲಿನಂತೆ ಉಕ್ಕಿತು. ನೊರೆಯಕ್ಕ ಕಟ್ಟೆಯಿಂದ ದಡದಡನೆ ಇಳಿದಳು. ಅತ್ತ ಇತ್ತ ನೋಡಿ ಎರಡನೇ ಬ್ಲೋಯರಿನ ಸ್ವಿಚ್ ಒತ್ತಿದಳು. ಸೊಸೆ ಬರುವ ಹೊತ್ತಿಗೆ ಆರಿಸಿದಳು. ಮರುದಿನವೂ ಅದೇ, ಅದರ ಮರುದಿನವೂ ಅದೇ.

ಹೊರಗಿನ ಕರೆಂಟಿನ ಮೀಟರ್ ಮಾತ್ರ ಸುಳ್ಳು ಹೇಳಲಿಲ್ಲ, ದಿನದಿನವೂ ಏರಿತು. ಸೊಸೆ ಗ್ಯಾಸೇ ಎಲ್ಲೋ ಸೋರುತ್ತಿದೆ ಎಂದುಕೊಂಡು, ಸೋಪಿನ ನೀರು ಹಿಡಿದು ಪೈಪುಗಳ ಒಂದೊಂದು ಸಂದಿಗೂ ಹಚ್ಚಿ ನೋಡಿದಳು. ಮನೆಗೆ ಬರುವಾಗ ಬೆರಳ ಗೆಣ್ಣುಗಳೆಲ್ಲ ತರಚಿದ್ದವು.

"ನನ್ನ ಲೆಕ್ಕಾನೇ ತಪ್ಪಿರ್ಬೇಕು ಅತ್ತೆ," ಎಂದಳು ಊಟಕ್ಕೆ ಕೂತಾಗ.

ನೊರೆಯಕ್ಕ ಅವಳ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು. ಸ್ವಿಚ್ಚಿನ ವಿಷಯ ಮಾತ್ರ ಹೇಳಲಿಲ್ಲ. ಅಷ್ಟೇ ಅಲ್ಲ, ನಾನು ಮೊದಲೇ ಹೇಳಿರಲಿಲ್ಲವೇ ಎಂಬ ಸಣ್ಣ ಖುಷಿಯೊಂದು ಮನಸ್ಸಿನ ಮೂಲೆಯಲ್ಲಿ ಇಣುಕಿತು. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಆರನೇ ದಿನ ಸಾಹೇಬರು ಎಂಜಿನ್ ಕೋಣೆಗೆ ಬಂದು ಕರೆಂಟಿನ ಲೆಕ್ಕದ ಕಾಗದ ನೋಡಿ ತಲೆಯಾಡಿಸಿದರು. "ಸಾಕಮ್ಮಾ, ಇದನ್ನ ಮುಚ್ಚಿಬಿಡಿ." ಸೊಸೆ ತರಚಿದ ಕೈಗಳನ್ನು ಹಿಂದೆ ಕಟ್ಟಿಕೊಂಡು ನೆಲ ನೋಡಿದಳು.

"ಎಂಜಿನ್‌ದೇನೂ ತಪ್ಪಿಲ್ಲ ಸಾಹೇಬ್ರೇ, ಲೆಕ್ಕಾನೂ ಸರಿಯಾಗಿದೆ," ಎಂದಳು ಬಾಗಿಲ ಬಳಿ ನಿಂತಿದ್ದ ನೊರೆಯಕ್ಕ. "ದಿನಾ ಹನ್ನೊಂದು ಗಂಟೆಗೆ ಎರಡನೇ ಬ್ಲೋಯರ್ ಹಾಕ್ತಿದ್ದೋಳು ನಾನು."

ಸಾಹೇಬರು ಬಯ್ಯುವಷ್ಟು ಬಯ್ದರು. ಪರೀಕ್ಷೆ ಸೋಮವಾರ ಹೊಸದಾಗಿ ಶುರು, ಇವಳು ಸ್ವಿಚ್ಚಿನ ಹತ್ತಿರ ಸುಳಿಯಕೂಡದು ಎಂದು ಅಪ್ಪಣೆಯಾಯಿತು. ಮನೆಯಲ್ಲಿ ಎರಡು ದಿನ ಅತ್ತೆ ಸೊಸೆ ಬೇರೆ ಬೇರೆ ಊಟಕ್ಕೆ ಕೂತರು. ಮಗನಿಗೂ ನೆಮ್ಮದಿ ಹಾರಿಹೋಯಿತು.

ಭಾನುವಾರ ಸಂಜೆ ಸೊಸೆ ಬಂದು ಎದುರಿಗೆ ಕೂತಳು. "ಹನ್ನೊಂದಕ್ಕೇ ಯಾಕೆ ಅತ್ತೆ?"

"ಊರಿನ ಬೆಳಗಿನ ಕೊಳೆಯೆಲ್ಲ ನಮ್ಮಲ್ಲಿಗೆ ಬಂದು ಮುಟ್ಟೋದು ಆಗ. ನಿನ್ನ ಗಾಳಿ ಮೀಟರ್ ಈಚೆ ತುದೀಲಿದೆ. ಉಕ್ಕೋದು ಆಚೆ ಮೂಲೇಲಿ. ಅದಕ್ಕೆ ಹೇಗೆ ಕಾಣತ್ತೆ?"

ಸೊಸೆ ಕಾಗದ ಪೆನ್ನು ತಂದು ಲೆಕ್ಕ ಹಾಕಿದಳು. "ರಾತ್ರಿಯಿಂದ ಗ್ಯಾಸ್ ಉಳಿಸಿಟ್ಟರೆ ಎರಡನೇದನ್ನ ಮುಕ್ಕಾಲು ಗಂಟೆ ಓಡಿಸಬಹುದು. ಅದಕ್ಕಿಂತ ಹೆಚ್ಚಾದ್ರೆ ಹೊರಗಿನ ಕರೆಂಟೇ, ಸೋತ್ವಿ. ನಾನು ಸ್ವಿಚ್ಚಿನ ಹತ್ರ ಇರ್ತೀನಿ, ನೀವು ಕಟ್ಟೆ ಮೇಲೆ. ಹಾಕೋಕೆ ಕೈ ಎತ್ತಿ, ನಿಲ್ಲಿಸೋಕೆ ಇಳಿಸಿ."

ಸೋಮವಾರ ಹನ್ನೊಂದಾಯಿತು. ಮೂಲೆಯಲ್ಲಿ ನೊರೆ ಬೆಳ್ಳಗಾಯಿತು. ನೊರೆಯಕ್ಕ ಕೈ ಎತ್ತಿದಳು. ಕಿಟಕಿಯಾಚೆ ಸೊಸೆ ಗಾಳಿ ಮೀಟರ್ ಕಡೆ ತಿರುಗಿಯೂ ನೋಡದೆ ಸ್ವಿಚ್ ಒತ್ತಿದಳು. ನೀರು ಬುಳಬುಳನೆ ಕುದಿಯಿತು, ನೊರೆ ಒಡೆಯುತ್ತಾ ಬಂತು. ಅರ್ಧ ಗಂಟೆ ದಾಟಿತು. ಮೂಲೆಯಲ್ಲಿ ಇನ್ನೂ ಒಂದಂಗೈಯಗಲ ಬಿಳಿ ಉಳಿದಿತ್ತು. ಇನ್ನೊಂದು ಗಂಟೆ ಇರಲಿ, ಮಕ್ಕಳು ಪಾಪ, ಎಂದಿತು ಹಳೇ ಮನಸ್ಸು. ಸೊಸೆ ಗಡಿಯಾರ ನೋಡುತ್ತಿರಲಿಲ್ಲ, ಅತ್ತೆಯನ್ನೇ ನೋಡುತ್ತಿದ್ದಳು. ಅವಳಾಗಿ ನಿಲ್ಲಿಸುವವಳಲ್ಲ ಎಂದು ನೊರೆಯಕ್ಕನಿಗೆ ಗೊತ್ತಾಯಿತು.

ನಲವತ್ತನೇ ನಿಮಿಷಕ್ಕೆ ಅವಳು ಕೈ ಇಳಿಸಿದಳು. ಇಪ್ಪತ್ತೆರಡು ವರ್ಷದಲ್ಲಿ ಗಾಳಿ ಸಾಕು ಎಂದು ಅವಳು ಹೇಳಿದ್ದು ಅದೇ ಮೊದಲು.