ಕಲಿಯದೆ ಹಗ್ಗದಲ್ಲಿ ಇಳಿದ ಪೇಂಟರ್

ಹಿಟ್ಟಿನ ಗಿರಣಿಯ ಧಾನ್ಯ ತುಂಬಿಡುವ ಎತ್ತರದ ಗೋಪುರಕ್ಕೆ ಬಣ್ಣ ಬಳಿಯಬೇಕಿತ್ತು. ಸುತ್ತಲೂ ನಿಂತು ಬಳಿಯಲು ಸಾರುವೆ ಕಟ್ಟುತ್ತಾ ಕೂತರೆ ತಡವಾಗುತ್ತದೆಂದು ಮೇಸ್ತ್ರಿ ಹಗ್ಗದಲ್ಲಿ ಇಳಿಯುವವರನ್ನು ಹುಡುಕುತ್ತಿದ್ದ. ಪೇಂಟರ್ ಹಿಂದೆಮುಂದೆ ನೋಡದೆ ಒಪ್ಪಿಕೊಂಡು ಮನೆಗೆ ಬಂದ.

ಅವನ ಹೆಂಡತಿ ಅದೇ ಗಿರಣಿಯಲ್ಲಿ ಚೀಲ ಹೊಲಿಯುವವಳು. ವಿಷಯ ಕೇಳಿದ್ದೇ ಅವಳು ಅವನನ್ನು ತಡೆದಳು.

"ಅದಕ್ಕೆ ಟ್ರೈನಿಂಗ್ ಇದೆಯಲ್ಲಾ ರೀ. ನನ್ನ ತಮ್ಮ ಮೊದಲನೇ ಹಂತದ್ದು ಕಲಿತು, ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ತಗೊಂಡ. ನೀವೂ ಕಲಿತು ಆಮೇಲೆ ಹೋಗಿ."

"ನಿನ್ನ ತಮ್ಮನಿಗೆ ಸ್ಟೂಲ್ ಹತ್ತಿದ್ರೂ ತಲೆ ಸುತ್ತೋದು, ಅದಕ್ಕೆ ಕಲಿತ. ನಾನು ಹುಟ್ಟಿದ್ದೇ ಏಣಿ ಮೇಲೆ" ಎಂದು ಪೇಂಟರ್ ನಕ್ಕ.

ಸಂಜೆ ತಮ್ಮನೇ ಬಂದು ಹೇಳಿದ. "ಭಾವ, ಇಳಿಯೋದು ಯಾರಾದ್ರೂ ಇಳೀತಾರೆ. ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡ್ರೆ ಏನು ಮಾಡ್ತೀರಿ?"

"ಆವಾಗ ನೋಡ್ಕೊಳ್ಳೋಣ ಬಿಡಪ್ಪ. ಸರ್ಟಿಫಿಕೇಟ್ ಆಮೇಲೆ ಮಾಡಿಸಿದ್ರಾಯ್ತು ಅಂತ ಮೇಸ್ತ್ರಿನೇ ಹೇಳಿದಾನೆ."

ಮರುದಿನ ಹೆಂಡತಿ ಹೊಲಿಗೆ ಬಿಟ್ಟು ಮತ್ತೆ ಮತ್ತೆ ಶೆಡ್ಡಿನ ಬಾಗಿಲಿಗೆ ಬಂದು ಕತ್ತೆತ್ತಿ ನೋಡುತ್ತಿದ್ದಳು. ಪೇಂಟರ್ ಬಣ್ಣ ಬಳಿಯುತ್ತಾ ನಿಧಾನಕ್ಕೆ ಇಳಿಯುತ್ತಿದ್ದ. ಇನ್ನೊಮ್ಮೆ ಬಂದಾಗ ಅವನು ಅಲ್ಲೇ ಇದ್ದ, ಆದರೆ ಬ್ರಷ್ ಆಡುತ್ತಿರಲಿಲ್ಲ.

ಸೊಂಟದ ಪಟ್ಟಿಯಲ್ಲಿ ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಬಿಡುವ ಸಾಧನದೊಳಗೆ ಅವನ ಶರ್ಟಿನ ಅಂಚು ಹೋಗಿ ಕಚ್ಚಿಕೊಂಡಿತ್ತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಮೇಲಿದ್ದ ಮೇಸ್ತ್ರಿ ಹಗ್ಗ ಎಳೆದ, ಅದು ಜಗ್ಗಲಿಲ್ಲ.

"ಚಾಕು ಇಳಿಸ್ತೀನಿ, ಬಟ್ಟೆ ಕತ್ತರಿಸ್ಕೋ" ಎಂದು ಕೂಗಿದ.

ಅವಳು ಅಲ್ಲಿ ನಿಲ್ಲಲಿಲ್ಲ. ಗಿರಣಿಯ ಆ ತುದಿಯ ಚಿಮಣಿಯಲ್ಲಿ ತಮ್ಮನ ತಂಡ ಹಗ್ಗದಲ್ಲಿ ಇಳಿದು ಕೆಲಸ ಮಾಡುತ್ತಿತ್ತು. ಚಪ್ಪಲಿ ಕಳಚಿದ್ದೂ ಗೊತ್ತಾಗದೆ ಓಡಿದಳು.

ತಮ್ಮ ಓಡಿಬಂದವನೇ ಕೂಗಿದ. "ಚಾಕು ಬೇಡ ಭಾವ, ಮುಟ್ಟಬೇಡಿ. ಬಿಗಿದಿರೋ ಹಗ್ಗಕ್ಕೆ ಒಂಚೂರು ತಾಗಿದ್ರೂ ಕಿತ್ತು ಹೋಗುತ್ತೆ. ಕಾಲು ಆಡಿಸ್ತಾ ಇರಿ." ಆಮೇಲೆ ಅಕ್ಕನ ಕಡೆ ತಿರುಗಿ ದನಿ ತಗ್ಗಿಸಿದ. "ಅಲ್ಲಾಡದೆ ನೇತಾಡಿದ್ರೆ ರಕ್ತ ಕಾಲಲ್ಲೇ ನಿಲ್ಲುತ್ತೆ, ಪ್ರಜ್ಞೆ ತಪ್ಪುತ್ತೆ. ಮಾತಾಡಿಸ್ತಾ ಇರು."

ಏನು ಮಾತಾಡುವುದು? ಅವಳು ಕತ್ತೆತ್ತಿ ಕೂಗಿದಳು. "ರೀ, ಅಡುಗೆಮನೆ ನಲ್ಲಿ ಸೋರ್ತಿದೆ. ಸಂಜೆ ಸರಿ ಮಾಡ್ತೀರಾ?"

"ಹೂಂ" ಎಂದಿತು ಮೇಲಿಂದ.

"ವಾಷರ್ ತರಬೇಕಾ?"

"ಹೂಂ."

"ಯಾವ ಅಂಗಡಿಲಿ ಸಿಗುತ್ತೆ?"

ಉತ್ತರ ಬರಲಿಲ್ಲ. ಅವಳು ಮತ್ತೆ ಕೇಳಿದಳು. ಪೇಂಟರನ ತಲೆ ಎದೆಗೆ ವಾಲಿತು.

ಅಷ್ಟರಲ್ಲಿ ತಮ್ಮನ ಜೊತೆ ಬಂದಿದ್ದ ತಂಡದ ಹಿರಿಯ ಗೋಪುರದ ತುದಿಯಿಂದ ತನ್ನ ಎರಡು ಹಗ್ಗ ಇಳಿಬಿಟ್ಟು ಪಕ್ಕಕ್ಕೆ ಇಳಿದಿದ್ದ. ಪೇಂಟರನನ್ನು ತನ್ನ ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು, ಅವನ ಭಾರ ಎತ್ತಿ, ಸಿಕ್ಕಿದ ಬಟ್ಟೆ ಬಿಡಿಸಿ ಕೆಳಗೆ ತಂದ. ಪೇಂಟರನ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಉಸಿರಿತ್ತು.

ಆಸ್ಪತ್ರೆಯ ಹಾಸಿಗೆಯಲ್ಲಿ ಪೇಂಟರ್ ಕಣ್ಣುಬಿಟ್ಟ ಮೇಲೆ ಆ ಹಿರಿಯ ಬಂದು ಕೂತ. "ನಿಮಗೆ ಕಟ್ಟಿದ್ದು ಒಂದೇ ಹಗ್ಗ. ಅದೂ ತುಕ್ಕು ಹಿಡಿದ ಕಂಬಿಗೆ. ನೋಡಿದ್ರಾ?"

"ಕಂಬಿ ನೋಡಿದ್ದೆ. ಏನು ನೋಡಬೇಕು ಅಂತ ಗೊತ್ತಿರಲಿಲ್ಲ."

"ಟ್ರೈನಿಂಗಲ್ಲಿ ಕಲಿಸೋದು ಅದನ್ನೇ. ಏನು ನೋಡಬೇಕು, ಯಾವಾಗ 'ನಾನು ಇಳಿಯಲ್ಲ' ಅನ್ನಬೇಕು, ಸಿಕ್ಕಿಬಿದ್ದವರನ್ನ ಹೇಗೆ ಇಳಿಸಬೇಕು. ಪಾಸಾದ ಮೇಲೂ ಅನುಭವಸ್ಥರ ಕಣ್ಣೆದುರಲ್ಲೇ ಕೆಲಸ."

ಪೇಂಟರ್ ಪಕ್ಕದಲ್ಲಿ ನಿಂತಿದ್ದ ಭಾವಮೈದನ ಕೈ ಹಿಡಿದುಕೊಂಡ. "ಮುಂದಿನ ಬ್ಯಾಚ್ ಯಾವಾಗಪ್ಪಾ? ನನ್ನ ಹೆಸರು ಕೊಟ್ಟುಬಿಡು."

ಹೆಂಡತಿ ಆಗ ಮುಖ ಮುಚ್ಚಿಕೊಂಡು ಅತ್ತಳು.

ನಿಮ್ಮ ಮನೆಯಲ್ಲೂ ಹಗ್ಗದಲ್ಲಿ ಇಳಿದು ಗಾಜು ಒರೆಸುವವರು, ಬಣ್ಣ ಬಳಿಯುವವರು ಇರಬಹುದು. ಅವರು ಹೊರಡುವ ಮುಂಚೆ ಬಾಗಿಲಲ್ಲಿ ನಿಲ್ಲಿಸಿ ಕೇಳಿ: ಕಲಿತು ಪಾಸಾಗಿದ್ದೀಯಾ? ಒಂದು ಕಿತ್ತರೆ ಹಿಡಿಯಲು ಎರಡನೇ ಹಗ್ಗ ಇದೆಯಾ? ಸಿಕ್ಕಿಬಿದ್ದರೆ ಇಳಿಸುವವರು ಯಾರು? ಉತ್ತರ ಬರದಿದ್ದರೆ ಕಳಿಸಬೇಡಿ. ಕೆಲಸ ಇನ್ನೊಂದು ಸಿಗುತ್ತದೆ. ಮನುಷ್ಯ ಸಿಗುವುದಿಲ್ಲ.